ಏಪ್ರಿಲ್ 1 ಯಾರ ದಿನ?

ಏಪ್ರಿಲ್ 1 ಅಂದ್ರೆ ಹುಡುಗರಿಗೆ ಫೂಲ್ ಮಾಡೋ ಚೇಷ್ಟೆ. ಅದು ನಮ್ಮ ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದ ದಿನ ಅನ್ನೋದು ಎಷ್ಟು ಮಂದಿಗೆ ನೆನಪೈತ್ರಿ?

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಜನನ. 1930ರಲ್ಲಿ, ಬರೀ 18ರ ಹರೆಯದಲ್ಲಿ, ಸಾಬರಮತಿಯಿಂದ ದಂಡಿವರೆಗೆ ಗಾಂಧೀಜಿಯೊಡನೆ ನಡೆದ ತಂಡದಲ್ಲಿ ಇವರೊಬ್ಬರೇ ಕನ್ನಡಿಗರು. ಮುಂದೆ ಖಾದಿ ಕೆಲಸ, ಜೈಲು. ಮಡದಿ ಸಿದ್ದಮ್ಮನವರೂ ಜೈಲು ಕಂಡವರೇ, ಅವರ ಹೆಸರಂತೂ ಯಾರೂ ಎತ್ತೋದಿಲ್ಲ.

1943ರ ಆ ದಿನ ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿಟ್ಟಿದ್ದ ಕಂದಾಯದ ಹಣಕ್ಕೆ ಕೈಹಾಕಿದಾಗ ಪೊಲೀಸರು ಗುಂಡು ಹಾರಿಸಿದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಮಡಿದರು. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ರಾಣೇಬೆನ್ನೂರು, ಬ್ಯಾಡಗಿಯಿಂದ ರೈಲಿನಲ್ಲಿ ಬಂದು ಹಾವೇರಿಯಲ್ಲಿ ಇಳಿಯುವವರಿಗೆ ಈಗ ನಿಲ್ದಾಣದ ಫಲಕದಲ್ಲೇ ಅವರ ಹೆಸರು ಕಾಣತೈತಿ.