ಶೋಕವನ್ನು ಗೆದ್ದ ಶರಣೆ ಮುಕ್ತಾಯಕ್ಕ

ಹನ್ನೆರಡನೆಯ ಶತಮಾನದ ಶಿವಶರಣೆಯರಲ್ಲಿ ಅಕ್ಕಮಹಾದೇವಿಯ ಹೆಸರು ವೈರಾಗ್ಯಕ್ಕೆ ಪ್ರಸಿದ್ಧವಾಗಿರುವಂತೆ ಮುಕ್ತಾಯಕ್ಕನ ಹೆಸರು ಅರಿವಿನ ದಿಟ್ಟತನಕ್ಕೆ ಪ್ರಸಿದ್ಧವಾಗಿರುವುದು. ಆ ಅರಿವು ಆಕೆಗೆ ದೊರೆತುದು ದುಃಖದ ಮಡುವಿನಲ್ಲಿ.

ಲಕ್ಕುಂಡಿಯು ಆಕೆಯ ತವರೂರೆಂದು ಪ್ರತೀತಿ. ಅಣ್ಣನಾದ ಅಜಗಣ್ಣನೇ ಆಕೆಗೆ ಗುರುವೂ ಆಗಿದ್ದನು. ಸರ್ಪವೊಂದು ತನ್ನ ಮಣಿಯನ್ನು ಹೊರಗಿಟ್ಟು ಅದರ ಬೆಳಕಿನಲ್ಲಿ ಮೇದು, ಸಪ್ಪಳವಾದೊಡನೆ ಅದನ್ನು ಮರೆಮಾಡಿದುದನ್ನು ಕಂಡು, ಭಕ್ತಿಯೂ ಹೀಗೆಯೇ ಗುಪ್ತವಾಗಿರಬೇಕೆಂದು ಆತನು ನಿಶ್ಚಯಿಸಿ, ಲಿಂಗವನ್ನು ಬಾಯೊಳಗೆ ಧರಿಸುತ್ತಿದ್ದನೆಂದು ಹಿರಿಯರು ಹೇಳುವರು. ಅಂತಹ ಅಣ್ಣನು ಲಿಂಗೈಕ್ಯನಾಗಲು ಮುಕ್ತಾಯಕ್ಕನಿಗೆ ಜಗವೆಲ್ಲ ಕತ್ತಲಾಯಿತು. ಒಡಹುಟ್ಟಿದವನನ್ನೂ ದಾರಿ ತೋರುವವನನ್ನೂ ಆಕೆ ಒಮ್ಮೆಗೇ ಕಳೆದುಕೊಂಡಿದ್ದಳು.

ಆ ಸಮಯದಲ್ಲಿ ಅಲ್ಲಮಪ್ರಭುದೇವರು ಅಲ್ಲಿಗೆ ಬಂದರೆಂದು ಶೂನ್ಯಸಂಪಾದನೆಯು ತಿಳಿಸುವುದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಆ ಗ್ರಂಥದಲ್ಲಿ ಇವರಿಬ್ಬರ ಸಂವಾದವು ಅತಿ ಗಹನವಾದ ಭಾಗ. ಪ್ರಭುದೇವರು ಅಳಬೇಡವೆಂದು ಗದರಿ ಆಕೆಯ ಬಾಯಿ ಮುಚ್ಚಿಸಲಿಲ್ಲ. ಯಾರಿಗಾಗಿ ಈ ಶೋಕವೆಂದು ಕೇಳಿ ಮಾತಿಗೆಳೆದರು. ಮುಕ್ತಾಯಕ್ಕನೂ ಸುಮ್ಮನೆ ತಲೆಬಾಗಲಿಲ್ಲ. ತನ್ನ ಅಣ್ಣನು ಅರಿತು ಮೌನಿಯಾಗಿದ್ದನು. ಮಾತನಾಡುವವರಲ್ಲಿ ಅರಿವು ಪೂರ್ಣವಾಗಿರುವುದು ಹೇಗೆಂದು ಪ್ರಭುವನ್ನೇ ಪ್ರಶ್ನಿಸಿದಳು. ಅರಿತವನ ನುಡಿ ಬಂಧನವಲ್ಲ, ಪರಹಿತಕ್ಕಾಗಿ ಹೊರಡುವುದೆಂದು ಪ್ರಭುದೇವರು ತಿಳಿಯಹೇಳಿದರು. ಪ್ರಶ್ನೆಯ ಮೇಲೆ ಪ್ರಶ್ನೆ ಬೆಳೆಯುತ್ತ ಶೋಕವು ವಿಚಾರವಾಯಿತು, ವಿಚಾರವು ಅರಿವಾಯಿತು. ಅಣ್ಣನು ಹೊರಗೆಲ್ಲೋ ಹೋದವನಲ್ಲ, ತನ್ನ ಅರಿವಿನಲ್ಲಿಯೇ ನೆಲೆಸಿರುವನೆಂಬುದು ಆಕೆಗೆ ಗೋಚರಿಸಿತು.

ಆಕೆ ಅಣ್ಣನನ್ನು ಮರೆತು ಶಾಂತಳಾದವಳಲ್ಲ. ಅವನ ಹೆಸರನ್ನೇ ಅಂಕಿತವಾಗಿಸಿಕೊಂಡಳು. ಇಂದು ದೊರೆತಿರುವ ಆಕೆಯ 37 ವಚನಗಳು ಆ ನೆನಹಿನ ಫಲಗಳು.

ಮನಸ್ಸು ಕುಗ್ಗಿದವರು ಭಕ್ತಿಹೀನರೆಂದು ಬಗೆಯುವುದು ಅನ್ಯಾಯ. ಶರಣೆಯಾದ ಮುಕ್ತಾಯಕ್ಕನೇ ಕುಗ್ಗಿದ್ದಳು. ಆಕೆಯನ್ನು ಎತ್ತಿದ್ದು ಕೇಳಬಲ್ಲ ಒಬ್ಬರ ಸಂಗ ಮತ್ತು ಬಿಚ್ಚಿ ಹೇಳುವ ಧೈರ್ಯ. ಆದುದರಿಂದ ಚಿಂತೆಯಿಂದ ನಿದ್ರಾಹಾರಗಳನ್ನು ತೊರೆದವರನ್ನು ಮನೆಯವರು ಒಂಟಿಯಾಗಿ ಬಿಡಬಾರದು. ಜ್ವರ ಬಂದಾಗ ವೈದ್ಯರನ್ನು ಕಾಣುವಂತೆ ಮನಸ್ಸು ಬಳಲಿದಾಗಲೂ ಕಾಣುವುದರಲ್ಲಿ ನಾಚಿಕೆಯಿಲ್ಲ. ಅನುಭಾವಿಗಳ ಸಂಗವೂ ಅವರಿಗೆ ದೊರೆಯಲಿ. ಮುಕ್ತಾಯಕ್ಕನ ಶೋಕವನ್ನು ಬೆಳಕಾಗಿಸಿದ ಶಿವನು ನೊಂದ ಸಕಲರಿಗೂ ಶಾಂತಿಯನ್ನು ಕರುಣಿಸಲಿ.