ಮಲಿಕ್ ಅಂಬರನ ಬಾಳು: ಒಬ್ಬನ ಬಿಡುಗಡೆ, ಹಲವರ ದಾಸ್ಯ

ಬೀದರದ ಗಾಂಧಿ ಗಂಜಿನಲ್ಲಿ ಸುಗ್ಗಿಯ ದಿನಗಳಲ್ಲಿ ತೊಗರಿ, ಉದ್ದು, ಕಡಲೆಗಳ ಚೀಲಗಳು ಬಂದಿಳಿಯುತ್ತವೆ. ಅಡತಿಯವರು ಕಾಳನ್ನು ಅಂಗೈಯಲ್ಲಿಟ್ಟು ನೋಡಿ ಧಾರಣೆಯನ್ನು ಗೊತ್ತುಮಾಡುತ್ತಾರೆ. ಮನುಷ್ಯರಿಗೇ ಹೀಗೆ ಬೆಲೆ ಕಟ್ಟುತ್ತಿದ್ದ ಪೇಟೆಗಳು ಒಂದು ಕಾಲದಲ್ಲಿ ಇದ್ದವೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಆದರೆ ಪಟ್ಟಣದ ಮೂಡಲಿಗಿರುವ ಹಬ್ಶಿ ಕೋಟೆಯ ಗುಡ್ಡವೂ ಅದರ ಮೇಲಿನ ಗೋರಿಗಳೂ ಆ ಕಾಲಕ್ಕೆ ಇನ್ನೂ ಸಾಕ್ಷಿಯಾಗಿ ನಿಂತಿವೆ.

ಬಹಮನಿ ಸುಲ್ತಾನರು ಆಫ್ರಿಕೆಯ ಹಬಶ ದೇಶದ ಗುಲಾಮರನ್ನು ಕೊಂಡು ತಮ್ಮ ಸೇನೆಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ಆಸ್ಥಾನದಲ್ಲಿ ದಖನಿಗಳೂ ಹಬ್ಶಿಗಳೂ ಒಂದು ಪಕ್ಷ. ಕಡಲಾಚೆಯಿಂದ ಬಂದ ಆಫಾಕಿಗಳು ಇನ್ನೊಂದು ಪಕ್ಷ. ಈ ಅಂತಃಕಲಹಕ್ಕೆ 1481ರಲ್ಲಿ ಮಂತ್ರಿ ಮಹಮೂದ್ ಗವಾನನೇ ಬಲಿಯಾದನು. ಸುಲ್ತಾನನ ಆಜ್ಞೆಯಂತೆ ಆತನ ತಲೆ ಕಡಿದವನು ಒಬ್ಬ ಹಬ್ಶಿ ಗುಲಾಮನು. ಆರು ವರ್ಷಗಳ ತರುವಾಯ ಬೀದರದಲ್ಲಿ ನಡೆದ ಒಳಸಂಚು ಮುರಿದುಬಿದ್ದಾಗ ಹಬ್ಶಿಗಳೂ ದಖನಿಗಳೂ ಗುಂಪುಗುಂಪಾಗಿ ಹತರಾದರು. ಕೊಲ್ಲುವುದಕ್ಕೂ ಸಾಯುವುದಕ್ಕೂ ಗುಲಾಮನು ಬೇಕಾಗಿದ್ದನು. ಅವನ ಬಿಡುಗಡೆಯ ಮಾತು ಮಾತ್ರ ಯಾವ ಪಕ್ಷದ ಬಾಯಲ್ಲಿಯೂ ಇರಲಿಲ್ಲ.

ಇಂತಹ ದಖನ್ನಿನಲ್ಲಿ ಮುಂದಿನ ಶತಮಾನದಲ್ಲಿ ತಲೆಯೆತ್ತಿದ ವೀರನೇ ಮಲಿಕ್ ಅಂಬರನು. ಸುಮಾರು 1548ರಲ್ಲಿ ಹಬಶ ದೇಶದಲ್ಲಿ ಹುಟ್ಟಿದ ಇವನ ಮೊದಲ ಹೆಸರು ಚಾಪು. ಎಳವೆಯಲ್ಲಿಯೇ ಮಾರಲ್ಪಟ್ಟ ಇವನಿಗೆ ಮೋಖಾ ಬಂದರದ ಪೇಟೆಯಲ್ಲಿ 80 ಗಿಲ್ಡರುಗಳ ಬೆಲೆ ಬಂದಿತೆಂದು, ಮುಂದೆ ಇವನನ್ನು ಕಂಡ ಡಚ್ ವರ್ತಕನೊಬ್ಬನು ಬರೆದಿಟ್ಟಿದ್ದಾನೆ. ಬಾಗದಾದಿನ ಒಡೆಯನೊಬ್ಬನು ಇವನಿಗೆ ವಿದ್ಯೆ ಕಲಿಸಿ ಅಂಬರನೆಂದು ಹೆಸರಿಟ್ಟನು. ಬಳಿಕ ಅಹಮದನಗರದ ನಿಜಾಮಶಾಹಿಯ ಪೇಶವೆ ಚಂಗೀಜಖಾನನು ಇವನನ್ನು ಕೊಂಡನು. ಆ ಪೇಶವೆಯೂ ಒಂದು ಕಾಲದಲ್ಲಿ ಹಬ್ಶಿ ಗುಲಾಮನಾಗಿದ್ದವನೇ! ರಾಜ್ಯಭಾರದ ಮರ್ಮಗಳನ್ನು ಅಂಬರನು ಆ ಮನೆಯಲ್ಲಿ ಕಲಿತನು. ಚಂಗೀಜಖಾನನು ತೀರಿದ ಮೇಲೆ ಅವನ ವಿಧವೆಯು ಅಂಬರನನ್ನು ಬಿಡುಗಡೆ ಮಾಡಿದಳು. ಈ ಬಿಡುಗಡೆ ಒಬ್ಬ ಹೆಂಗಸಿನ ದಯೆಯೇ ಹೊರತು ರಾಜ್ಯದ ಕಟ್ಟಳೆಯಾಗಿರಲಿಲ್ಲ.

ಸ್ವತಂತ್ರನಾದ ಅಂಬರನು ಕೆಲಕಾಲ ವಿಜಾಪುರದ ಆದಿಲಶಾಹಿಯಲ್ಲಿ ಸೇವೆ ಮಾಡಿ, 1595ರ ಸುಮಾರಿಗೆ 150 ಜನ ಕುದುರೆ ಸವಾರರೊಡನೆ ಅಹಮದನಗರಕ್ಕೆ ಮರಳಿದನು. ಅಲ್ಲಿಯೂ ಸಿಂಹಾಸನಕ್ಕಾಗಿ ಒಳಜಗಳ. ಬಾಗಿಲಿಗೆ ಬಂದ ಮೊಗಲ ಸೇನೆ. 1600ರಲ್ಲಿ ಚಾಂದಬೀಬಿ ತನ್ನವರ ಕೈಯಿಂದಲೇ ಹತಳಾದಳು. ಕೋಟೆ ಮೊಗಲರ ವಶವಾಯಿತು. ಎಲ್ಲರೂ ಕೈಚೆಲ್ಲಿದ ಆ ಗಳಿಗೆಯಲ್ಲಿ ಅಂಬರನು ರಾಜವಂಶದ ಕುಮಾರನೊಬ್ಬನನ್ನು ಮುರ್ತಜಾ ನಿಜಾಮಶಹನೆಂದು ಪಟ್ಟಕ್ಕೆ ಕೂಡಿಸಿ ಪೇಶವೆಯ ಅಧಿಕಾರವನ್ನು ಕೈಕೊಂಡನು. 1602ರಲ್ಲಿ ನಮ್ಮ ಔರಾದದ ನೆರೆಯ ನಾಂದೇಡ ಸೀಮೆಯಲ್ಲಿ ಮೊಗಲರೊಡನೆ ಕಾದಿ, ಸೋತು, ಗಾಯಗೊಂಡು ಕುದುರೆಯಿಂದ ಬಿದ್ದನು. ಅವನ ಹಬ್ಶಿ ಬಂಟರೇ ಅವನನ್ನು ಹೊತ್ತೊಯ್ದು ಉಳಿಸಿದರು. ತನ್ನ ಪ್ರತಿಸ್ಪರ್ಧಿ ರಾಜೂ ದಖನಿಯನ್ನು 1607ರಲ್ಲಿ ಅಡಗಿಸಿ, 1610ರಲ್ಲಿ ಅಹಮದನಗರದ ಕೋಟೆಯನ್ನು ಮರಳಿ ಗೆದ್ದನು. ಖಿಡಕಿ ಎಂಬ ಊರನ್ನು ರಾಜಧಾನಿಯಾಗಿ ಕಟ್ಟಿ, ನೆಲದೊಳಗಿನ ಕಾಲುವೆಗಳಿಂದ ನೀರು ತಂದನು. ಅದೇ ಮುಂದೆ ಔರಂಗಾಬಾದವೆನಿಸಿತು.

ಬಯಲಿನಲ್ಲಿ ಎದುರುಬದುರಾಗಿ ನಿಂತರೆ ಮೊಗಲರ ದೊಡ್ಡ ದಂಡಿಗೆ ತಾನು ಸರಿಸಾಟಿಯಲ್ಲವೆಂಬುದನ್ನು ಅವನು ಅರಿತಿದ್ದನು. ಆದುದರಿಂದ ಮರಾಠಾ ಸವಾರರನ್ನು ಕೂಡಿಸಿಕೊಂಡು, ಶತ್ರುವಿನ ಧಾನ್ಯ ಬರುವ ದಾರಿಯನ್ನು ಕಡಿದು, ರಾತ್ರಿ ಮೇಲೆ ಬಿದ್ದು, ಹಗಲು ಗುಡ್ಡಗಳಲ್ಲಿ ಮಾಯವಾಗುವ ಯುದ್ಧವನ್ನು ನಡೆಸಿದನು. ಅಂಬರನ ತಲೆಗೆ ತಾನು ಬಾಣ ಹೊಡೆಯುತ್ತಿರುವ ಚಿತ್ರವನ್ನು ಜಹಾಂಗೀರ ಬಾದಶಹನು ಬರೆಯಿಸಿಕೊಂಡನು. ಚಿತ್ರದಲ್ಲಲ್ಲದೆ ಬೇರೆಲ್ಲಿಯೂ ಆ ತಲೆ ಅವನಿಗೆ ದೊರೆಯಲಿಲ್ಲ.

1619ರಲ್ಲಿ ಬರೀದಶಾಹಿಯನ್ನು ನುಂಗಿದ ವಿಜಾಪುರದವರು ಬೀದರವನ್ನು ಆಳುತ್ತಿದ್ದರು. ಅವರು ಮೊಗಲರೊಡನೆ ಕೈಗೂಡಿಸಲು, 1624ರಲ್ಲಿ ಅಂಬರನು ಬೀದರದ ಮೇಲೆ ಹಠಾತ್ತನೆ ಬಿದ್ದು ಅಲ್ಲಿದ್ದ ದಂಡನ್ನು ಮುರಿದು ಊರನ್ನು ಸೂರೆಗೊಂಡನು. ವೀರನ ಗುಣಗಾನ ಮಾಡುವಾಗ ಸೂರೆಹೋದ ನಮ್ಮ ಊರನ್ನು ಮರೆಯುವುದು ನ್ಯಾಯವಲ್ಲ. ಅದೇ ವರ್ಷ ಅಹಮದನಗರದ ಬಳಿಯ ಭಾತವಡಿಯಲ್ಲಿ ಕೆರೆಯ ಏರಿಯನ್ನು ಒಡೆಯಿಸಿ ಶತ್ರುವಿನ ಪಾಳೆಯವನ್ನು ಕೆಸರಿನಲ್ಲಿ ಹೂಳಿದನು. ಶಹಾಜಿ ಭೋಸಲೆಯು ಆ ಕಾಳಗದಲ್ಲಿ ಅವನ ಪಕ್ಷದಲ್ಲಿದ್ದನು. ಮೊಗಲರೂ ವಿಜಾಪುರದವರೂ ಒಟ್ಟಾಗಿ ಸೋತರು. 1626ರಲ್ಲಿ ಅಂಬರನು ಮಡಿದಾಗ ಮೊಗಲ ಚರಿತ್ರಕಾರನೇ ಅವನ ಯುದ್ಧಕೌಶಲವನ್ನೂ ಆಡಳಿತವನ್ನೂ ಹೊಗಳಿದನು. ಹತ್ತು ವರ್ಷಗಳಲ್ಲಿ ಅವನು ಎತ್ತಿ ನಿಲ್ಲಿಸಿದ ರಾಜ್ಯವೂ ಅಳಿಯಿತು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಗುಲಾಮನಾಗಿ ಬಂದು ರಾಜರನ್ನು ಪಟ್ಟಕ್ಕೇರಿಸಿದ ಈ ಪುರುಷನು ಗುಲಾಮಗಿರಿಯನ್ನು ನಿಲ್ಲಿಸಿದನೇ? ಇಲ್ಲ. ತನ್ನ ದಂಡಿಗಾಗಿ ಅವನೂ ಹಬ್ಶಿಗಳನ್ನು ಕೊಂಡನು. ದಖನ್ನಿನಲ್ಲಿ ಗುಲಾಮನು ಮೇಲೇರಬಹುದಾಗಿತ್ತು. ಆದರೆ ಏರುವ ಏಣಿ ಒಡೆಯನದಾಗಿತ್ತು. ರಾಜ್ಯಗಳಿಗೆ ಬೇಕಾಗಿದ್ದುದು ಕತ್ತಿ ಹಿಡಿಯುವ ಕೈ. ಕತ್ತಿ ಹಿಡಿಯದೆ ನೀರು ಹೊತ್ತವನ, ಅಂತಃಪುರದಲ್ಲಿ ದುಡಿದವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಮೇರಿಕೆಯ ಅಂತರ್ಯುದ್ಧವನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿಯೂ ಲಿಂಕನ್ನನು ಮೊದಲು ಕಾದಿದುದು ಒಕ್ಕೂಟವನ್ನು ಉಳಿಸುವುದಕ್ಕಾಗಿ. ಅಲ್ಲಿಯೂ ಸೇನೆಗೆ ಕರಿಯರ ಕೈಗಳು ಬೇಕಾದವು. ಆದರೆ ಅವನು 1863ರ ಘೋಷಣೆಯಿಂದ ಬಂಡೆದ್ದ ಪ್ರಾಂತಗಳ ಗುಲಾಮರನ್ನು ಸ್ವತಂತ್ರರೆಂದು ಸಾರಿದನು. 1865ರಲ್ಲಿ ರಾಜ್ಯಘಟನೆಯ ತಿದ್ದುಪಡಿಯಿಂದ ಆ ಪದ್ಧತಿಯೇ ಅಳಿಯಿತು. ಅರಸನ ಅಗತ್ಯವು ಅಲ್ಲಿ ಎಲ್ಲರ ಹಕ್ಕಾಗಿ ಮಾರ್ಪಟ್ಟಿತು. ನಮ್ಮಲ್ಲಿ ಕಂಪನಿ ಸರಕಾರದ 1843ರ ಕಾಯಿದೆಯು ಗುಲಾಮನ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಬಾರದೆಂದು ವಿಧಿಸಿತು. ಜೀತಪದ್ಧತಿಯನ್ನು ಅಳಿಸುವ ಕಾಯಿದೆಗೆ ಸ್ವತಂತ್ರ ಭಾರತವೂ 1976ರವರೆಗೆ ಕಾಯಬೇಕಾಯಿತು.

ದಲಿತ ಕುಲದಿಂದ ಒಬ್ಬನು ಉನ್ನತ ಪದವಿಗೇರಿದೊಡನೆ ಆ ಕುಲದ ಕಷ್ಟವೆಲ್ಲ ತೀರಿತೆಂದು ಸಮಾಧಾನಪಡುವ ವಾಡಿಕೆ ನಮ್ಮಲ್ಲಿ ಉಂಟು. ಅಂಬರನ ಬಾಳು ಈ ಭ್ರಮೆಗೆ ಮದ್ದು. ಅವನ ಪರಾಕ್ರಮಕ್ಕೆ ತಲೆಬಾಗೋಣ. ಆದರೆ ಒಂದು ರಾಜ್ಯದ ಸ್ವಾತಂತ್ರ್ಯವನ್ನು ಅಳೆಯುವಾಗ ಪೇಶವೆಯ ಪೀಠವನ್ನೇರಿದ ಒಬ್ಬನನ್ನಲ್ಲ, ಪೇಟೆಯಲ್ಲಿಯೇ ಉಳಿದ ಸಾವಿರಾರು ಜನರನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು.