ಲಸಿಕೆ ನೀಡಿದ ಊರ ವೈದ್ಯ: ಎಡ್ವರ್ಡ್ ಜೆನ್ನರ್

ಎಡ್ವರ್ಡ್ ಜೆನ್ನರ್ 1749ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡರು. ಲಂಡನ್ನಿನಲ್ಲಿ ಜಾನ್ ಹಂಟರ್ ಅವರ ಬಳಿ ಕಲಿತು ಹುಟ್ಟೂರಿಗೇ ಮರಳಿ ವೈದ್ಯರಾದರು.

ಆಗ ಸಿಡುಬು ಭೀಕರ ರೋಗವಾಗಿತ್ತು. ಸಿಡುಬಿನ ಕೀವನ್ನೇ ಚುಚ್ಚುವ ತುರ್ಕಿಯ ಪದ್ಧತಿ 1721ರಲ್ಲಿ ಇಂಗ್ಲೆಂಡಿಗೆ ಬಂದಿದ್ದರೂ ಅದರಲ್ಲಿ ಪ್ರಾಣಾಪಾಯವಿತ್ತು. ದನದ ಸಿಡುಬು ತಗುಲಿದವರಿಗೆ ಈ ರೋಗ ಬಾರದೆಂಬ ಹಳ್ಳಿಗರ ಮಾತನ್ನು ಜೆನ್ನರ್ ಕಡೆಗಣಿಸಲಿಲ್ಲ. 1796ರ ಮೇ 14ರಂದು ಹಾಲು ಕರೆಯುವ ಯುವತಿಯ ಕೈಗುಳ್ಳೆಯ ಕೀವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದರು. ಮುಂದೆ ಸಿಡುಬಿನ ಕೀವು ಚುಚ್ಚಿದರೂ ಹುಡುಗನಿಗೆ ರೋಗ ಬರಲಿಲ್ಲ.

ಈ ವಿದ್ಯೆಯನ್ನು ಗುಟ್ಟಾಗಿಡದೆ 1798ರಲ್ಲಿ ಪುಸ್ತಕ ಬರೆದು ಎಲ್ಲರಿಗೂ ತಿಳಿಸಿದರು. ತಮ್ಮ ತೋಟದ ಗುಡಿಸಲಿನಲ್ಲಿ ಬಡವರಿಗೆ ಉಚಿತವಾಗಿ ಲಸಿಕೆ ಹಾಕಿದರು. 1823ರಲ್ಲಿ ಅದೇ ಊರಿನಲ್ಲಿ ನಿಧನರಾದರು.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿತು. ವಿದ್ಯಾರ್ಥಿಗಳೇ, ಕಲಿತದ್ದನ್ನು ಜನರಿಗೆ ಹಂಚಿದ ಈ ವೈದ್ಯರ ಬದುಕು ನಮಗೆ ಮಾದರಿಯಾಗಲಿ.